ಕಾಳಿಂಗದ ಸರದಿ

ಮಾರ್ಚ್ ೪, ಸೋಮವಾರ

ಬಲಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ ಆಸ್ಪತ್ರೆಯಿಂದ ಕಳಿಸಿದ್ದಾರೆ. ಆರು ವಾರ ಕಾಲು ನೆಲಕ್ಕೆ ಊರಬಾರದಂತೆ. ಹಾಗೆಂದು ಅಪ್ಪಣೆ ಕೊಟ್ಟ ಡಾಕ್ಟರಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ. "ಈ ವಯಸ್ಸಲ್ಲಿ ಸ್ಟೂಲ್ ಮೇಲೆ ಯಾಕೆ ಹತ್ತಿದ್ರಿ ಅಜ್ಜಿ?" ಎಂದು ಕೇಳಿದ. ಬಟ್ಟೆಯ ಥಾನು ಮೇಲಿನ ಹಲಗೆಯಲ್ಲಿತ್ತು, ಕೆಳಗಿದ್ದಿದ್ದರೆ ಬಗ್ಗುತ್ತಿದ್ದೆ ಎಂದೆ. ಅವನು ತೊಟ್ಟಿದ್ದ ಬಿಳಿ ಕೋಟು ನಮ್ಮ ಶೆಡ್ಡಿನಲ್ಲೇ ಹೊಲಿದದ್ದು, ಆಸ್ಪತ್ರೆ ಬಟ್ಟೆ ಹೊಲಿಯುವುದೇ ನಮ್ಮ ಕಸುಬು. ಎಡಗಡೆಯ ಜೇಬು ಒಂದೆಳೆಯಷ್ಟು ಓರೆಯಾಗಿತ್ತು. ನನ್ನ ಕಣ್ಣು ತಪ್ಪಿಸಿ ಅದು ಹೇಗೆ ಹೊರಗೆ ಹೋಯಿತೋ.

ನನ್ನ ಕೋಣೆ ಮಹಡಿಯಲ್ಲಿದೆ. ಮೆಟ್ಟಿಲು ಹತ್ತುವಂತಿಲ್ಲವಾದ್ದರಿಂದ ಮುಂದಿನ ಕೋಣೆಯಲ್ಲಿ, ಹಳೆಯ ಕಟಿಂಗ್ ಮೇಜಿನ ಪಕ್ಕಕ್ಕೆ ಮಂಚ ಹಾಕಿದ್ದಾರೆ. ಗೋಡೆಯ ಆಚೆ ಹೊಲಿಗೆ ಶೆಡ್ಡು. ಯಾವ ಮಿಷನ್ ಓಡುತ್ತಿದೆ, ಯಾವುದರ ಮುಂದೆ ಹರಟೆ ನಡೆಯುತ್ತಿದೆ ಎಂದು ಮಲಗಿದ್ದಲ್ಲಿಂದಲೇ ಹೇಳಬಲ್ಲೆ.

ಮಗ ತೀರಿಕೊಂಡು ಎರಡು ವರ್ಷವಾಯಿತು, ಆಗ ಸೊಸೆ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದಳು. ಈಗ ಮನೆಯಲ್ಲಿರುವುದು ನಾನು, ಸೊಸೆ, ಮೊಮ್ಮಗಳು. ನಾಳೆಯಿಂದ ಶೆಡ್ಡನ್ನು ಸೊಸೆ ನೋಡಿಕೊಳ್ಳಬೇಕು. ಬೇರೆ ದಾರಿಯಿಲ್ಲ. ಹೈಸ್ಕೂಲು ಮುಗಿಸಿದ ಮೇಲೆ ನಾನು ಅಳತೆ, ಆರ್ಡರು ಬಿಟ್ಟು ಬೇರೇನೂ ಬರೆದವಳಲ್ಲ. ಆದರೆ ದಿನವಿಡೀ ಯಾರಿಗೂ ಏನೂ ಹೇಳದೆ ಬಿದ್ದುಕೊಂಡಿದ್ದರೆ ತಲೆ ಕೆಡುತ್ತದೆ. ಅದಕ್ಕೇ ಈ ಬರವಣಿಗೆ.

ಮಾರ್ಚ್ ೧೦, ಭಾನುವಾರ

ಇಂದು ನನ್ನ ಮಂಚದ ಪಕ್ಕ ಹಾವುಗಳ ಸಂತೆ ನೆರೆದಿತ್ತು.

ಮೊಮ್ಮಗಳಿಗೆ ಹದಿನೇಳು. ಹೆಸರು ಏನೇ ಇರಲಿ, ನನ್ನ ಬಾಯಲ್ಲಿ ಅವಳು ಸೂಜಿ. ತೆಳ್ಳಗಿದ್ದಾಳೆ, ಚುಚ್ಚುತ್ತಾಳೆ. ಪ್ರತಿ ಭಾನುವಾರ ಮಧ್ಯಾಹ್ನ ಈ ಮೇಜಿನ ಮೇಲೆ ಗೆಳೆಯರನ್ನು ಸೇರಿಸಿಕೊಂಡು ಏನೋ ಆಡುತ್ತಾಳೆಂದು ಗೊತ್ತಿತ್ತು. ಇಸ್ಪೀಟೋ ಕೇರಮ್ಮೋ ಇರಬೇಕು ಅಂದುಕೊಂಡಿದ್ದೆ. ರೋಗಿ ಮಲಗಿರುವ ಕೋಣೆಯಲ್ಲಿ ಎಂಥ ಆಟ ಎಂದರೆ, "ಅಜ್ಜಿ, ಮಂಚ ನಿಂದು, ಮೇಜು ನಮ್ದು. ಗಡಿ ದಾಟಬೇಡ" ಎಂದಳು.

ಬಂದವರು ಇಬ್ಬರು. ಅವಳ ಕಾಲೇಜಿನವರೇ. ಒಬ್ಬ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಉದ್ದ, ಅವನನ್ನು ಎಲ್ಲರೂ ಏಣಿ ಎನ್ನುತ್ತಾರೆ. ಇನ್ನೊಬ್ಬಳು ಸೋಡಾ ಬಾಟಲಿಯ ತಳದಂಥ ಕನ್ನಡಕದವಳು, ಅವಳ ಹೆಸರೇ ಕನ್ನಡಕ. ಕುಳಿತವರೇ ತಮ್ಮ ತಮ್ಮ ಜಾತಿ ಹೇಳಿಕೊಂಡರು.

"ನಾನು ಕೊಳಕುಮಂಡಲ" ಎಂದ ಏಣಿ. "ದಪ್ಪಗಿದ್ದೀನಿ, ಸೋಮಾರಿ. ಆದ್ರೆ ಕುಕ್ಕರ್ ಥರ ಬುಸುಗುಟ್ರೆ ಎಲ್ರೂ ಓಡ್ತಾರೆ."

"ನಾನು ಹಸಿರುಮಂಡಲ. ಎಲೆ ಮಧ್ಯೆ ಎಲೆ ಆಗಿರ್ತೀನಿ. ಯಾರಿಗೂ ಕಾಣಲ್ಲ" ಎಂದಳು ಕನ್ನಡಕ.

ಹೆತ್ತವರು ಅಕ್ಕರೆಯಿಂದ ಸಾಕಿದ ಮಕ್ಕಳು ಮಟಮಟ ಮಧ್ಯಾಹ್ನ ವಿಷದ ಹಾವುಗಳಾಗಿ ಕುಳಿತಿವೆ! ಸೂಜಿ ಹಾವಲ್ಲ, ಕಥೆ ನಡೆಸುವವಳು. ಪಾಳುಬಿದ್ದ ಗಿರಣಿಯೊಂದರಲ್ಲಿ ಹಾವುಗಳು ಬಾಳುತ್ತಿವೆ, ಅದನ್ನು ಕೆಡವಲು ಜನ ಯಂತ್ರ ತರುತ್ತಿದ್ದಾರೆ, ಅಷ್ಟರೊಳಗೆ ಇವು ಬೇರೆ ನೆಲೆ ಸೇರಬೇಕು. ಏನು ಮಾಡುತ್ತೀರಿ ಎಂದು ಅವಳು ಕೇಳುತ್ತಾಳೆ, ಇವರು ಹೇಳುತ್ತಾರೆ, ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ, ಬಿದ್ದ ಸಂಖ್ಯೆ ನೋಡಿ ಗೆಲುವೋ ಸೋಲೋ ತೀರ್ಮಾನ. ಪ್ರತಿ ಹಾವಿನ ಮುಂದೆ ಒಂದಿಷ್ಟು ಕಪ್ಪು ಅಂಗಿಗುಂಡಿಗಳು. ಅದು ವಿಷ. ಕಚ್ಚಿದರೆ ಒಂದು ಗುಂಡಿ ಖರ್ಚು. ಗುಂಡಿಗಳು ನಮ್ಮ ಶೆಡ್ಡಿನವು ಎಂದು ನೋಡಿದೊಡನೆ ಗೊತ್ತಾಯಿತು.

ಬಾಯಿ ಮುಚ್ಚಿಕೊಂಡೇ ಇದ್ದೆ. ಆದರೆ ಏಣಿ ಒಂದು ಇಲಿಯನ್ನು ಹಿಡಿಯಲು ಎರಡು ಗುಂಡಿ ಸುರಿದಾಗ ತಡೆಯಲಾಗಲಿಲ್ಲ. "ಒಂದು ಇಲಿಗೆ ಎರಡೇನೋ! ನಾಳೆ ಮನುಷ್ಯರು ಬಂದ್ರೆ ಏನು ಮಾಡ್ತೀಯಾ, ಉಗಿಯುತ್ತೀಯಾ?"

ಮೂವರೂ ನನ್ನತ್ತ ತಿರುಗಿದರು. "ಅಜ್ಜಿ ಹೇಳೋದು ಸರಿ ಕಣೋ" ಎಂದಳು ಕನ್ನಡಕ.

ಮಾರ್ಚ್ ೧೭, ಭಾನುವಾರ

ಆಟಕ್ಕೆ ನನ್ನನ್ನೂ ಸೇರಿಸಿಕೊಂಡಿದ್ದಾರೆ. ನಾನು ಕೇಳಿರಲಿಲ್ಲ. ಮೂಗು ತೂರಿಸುವುದನ್ನು ತಪ್ಪಿಸಲು ಅದೊಂದೇ ದಾರಿ ಎಂದು ಸೂಜಿ ಗೆಳೆಯರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಮಂಚವನ್ನು ಮೇಜಿಗೆ ತಾಗಿಸಿ, ಬೆನ್ನಿಗೆ ದಿಂಬು ಕೊಟ್ಟರು.

"ಯಾವ ಜಾತಿ ಬೇಕು ಆರಿಸ್ಕೋ ಅಜ್ಜಿ. ಪ್ರತಿಯೊಂದಕ್ಕೂ ಒಂದು ಬಲ, ಒಂದು ಕೊರತೆ ಇರತ್ತೆ. ನಾಗರಹಾವು ಇದೆ, ಕಡಲ ಹಾವಿದೆ..."

"ಎಲ್ಲಕ್ಕಿಂತ ದೊಡ್ಡದು ಯಾವುದು?"

"ಕಾಳಿಂಗ ಸರ್ಪ."

"ಅದೇ ಇರಲಿ."

"ಕೊರತೆ ಏನು ಅಂತ ಕೇಳೋದಿಲ್ವಾ?"

ಏನಿದೆ ಕೇಳುವುದಕ್ಕೆ ಎಂದೆ. ಆದರೂ ಹೇಳಿದಳು. ಕಾಳಿಂಗ ಎಲ್ಲೂ ಅಡಗಿಕೊಳ್ಳಲಾರದು, ಅದು ಬಂದದ್ದು ಕಾಡಿಗೆಲ್ಲ ಗೊತ್ತಾಗುತ್ತದೆ. ಅಲ್ಲದೆ ಅದರ ಆಹಾರವೇ ಬೇರೆ ಹಾವುಗಳು. ಆದ್ದರಿಂದ ಜೊತೆಯಲ್ಲಿರುವ ಹಾವುಗಳಿಗೆ ಅದರ ಮೇಲೆ ಸುಲಭವಾಗಿ ನಂಬಿಕೆ ಬರುವುದಿಲ್ಲ. "ನೀನು ಪಕ್ಕದಲ್ಲಿದ್ರೆ ಇವ್ರ ದಾಳದಲ್ಲಿ ಎರಡು ಕಮ್ಮಿ. ಹೆದರಿಕೆಗೆ."

"ಹೆದರಿಕೆ ಇದ್ರೆ ಒಳ್ಳೇದೇ. ಕೆಲ್ಸ ನಡೆಯತ್ತೆ" ಎಂದೆ.

ಕಚ್ಚುವ ಮೊದಲು ವಿಷ ಬಿಡುತ್ತೀಯೋ ಬರೀ ಕಡಿತವೋ ಎಂದು ಹೇಳಬೇಕಂತೆ. ನಿಜವಾದ ಹಾವುಗಳೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತವಂತೆ. ವಿಷ ಬಿಡದ ಮೇಲೆ ಕಚ್ಚುವುದು ಯಾಕೆ? ಈ ಕಾಲದವರ ಹಾವುಗಳೂ ಅರೆಬರೆ.

ಮೇಜಿಗೆ ಒಂದು ಕಟ್ಟುಪಾಡಿದೆ. ದಾಳ ಡಬ್ಬಿಯಿಂದ ಹೊರಬಂದ ಮೇಲೆ ಅಜ್ಜಿ ಇಲ್ಲ, ಮೊಮ್ಮಗಳಿಲ್ಲ. ಹಾವಿನ ಜಾತಿ ಹಿಡಿದೇ ಕರೆಯಬೇಕು. ನೀವು, ತಾವು ಇಲ್ಲ. ದಾಳ ಡಬ್ಬಿಗೆ ಹೋದ ಮೇಲೆ, ಹಾವು ಆಡಿದ ಮಾತನ್ನು ಯಾರೂ ಎಲ್ಲೂ ಎತ್ತಬಾರದು. ಹಿಂದೊಮ್ಮೆ ಏಣಿಯೂ ಕನ್ನಡಕವೂ ಆಟದ ಜಗಳವನ್ನು ಕಾಲೇಜಿಗೆ ಒಯ್ದು ಮುಖ ಮುಖ ನೋಡದೆ ತಿರುಗಿದ್ದರಂತೆ. ಆಮೇಲೆ ಮಾಡಿಕೊಂಡ ನಿಯಮ.

"ಎತ್ತಿದ್ರೆ?" ಎಂದು ಕೇಳಿದೆ.

"ಇಲ್ಲೀವರೆಗೂ ಯಾರೂ ಎತ್ತಿಲ್ಲ" ಎಂದಳು ಸೂಜಿ.

ಮಾರ್ಚ್ ೨೦, ಬುಧವಾರ

ಕಾಲು ತುರಿಸುತ್ತದೆ. ಪ್ಲಾಸ್ಟರಿನೊಳಗೆ ಅಳತೆಪಟ್ಟಿ ತೂರಿಸಿ ಕೆರೆದುಕೊಂಡೆ.

ಚಿಂದಿ ಕೊಳ್ಳುವವನು ಬಂದಿದ್ದ. ಶೆಡ್ಡಿನಿಂದ ಹೊರಟ ಚೂರುಬಟ್ಟೆಯ ಚೀಲ ಅರ್ಧವೂ ತುಂಬಿರಲಿಲ್ಲ. ಈ ವಾರ ಕತ್ತರಿಸಿದ್ದು ಹೋದ ವಾರಕ್ಕಿಂತ ಹೆಚ್ಚು. ಗುಂಡಿಗೆ ಕಾಜಾ ಹೊಲಿಯುವವಳನ್ನು ಕರೆಸಿ, ಚೂರು ಯಾರು ಕದ್ದರು ಎಂದು ಕೇಳಿದೆ.

"ಯಾರೂ ಕದ್ದಿಲ್ಲ ಅಮ್ಮಾ. ಚಿಕ್ಕಮ್ಮಾವ್ರು ಪ್ಯಾಟರ್ನ್ ಬೇರೆ ಥರ ಇಡ್ತಿದ್ದಾರೆ. ರೋಗಿ ಗೌನಿನ ತೋಳನ್ನ ತಲೆಕೆಳಗೆ ಮಾಡಿ ಎರಡು ಮೈ ತುಂಡಿನ ಮಧ್ಯೆ ತೂರಿಸ್ತಾರೆ. ಚೂರೇ ಉಳಿಯಲ್ಲ."

ನನ್ನನ್ನು ಕೇಳದೆ! ಮೂವತ್ತು ವರ್ಷದಿಂದ ತೋಳು ಪಕ್ಕದಲ್ಲೇ ಇಟ್ಟಿದ್ದೇವೆ. ಸಂಜೆ ಸೊಸೆ ಮಾತ್ರೆ ಕೊಡಲು ಬಂದಾಗ, ಬಟ್ಟೆಯ ನೇರ ಎಳೆ ನೋಡದೆ ತೋಳು ತಿರುಗಿಸಿದರೆ ಒಗೆದಾಗ ಜಗ್ಗುತ್ತದೆ, ಹೊಲಿಗೆ ಕಲಿತದ್ದು ಯಾರ ಹತ್ತಿರ ಎಂದೆ. "ಎಳೆ ನೋಡಿದ್ದೀನಿ ಅತ್ತೆ" ಎಂದಳು, ಅಷ್ಟೇ. ನೀರಿನ ಲೋಟ ಇಟ್ಟು ಹೋದಳು. ಯಾವತ್ತೂ ಹೀಗೇ. ಮಾತಿಗೆ ಮಾತು ಬೆಳೆಸುವವಳಲ್ಲ. ಅದೊಂದು ಗುಣ ಒಪ್ಪಬೇಕು.

ಒಂದು ಗೌನು ತರಿಸಿ ನೋಡಿದೆ. ನೇರ ಎಳೆಯಲ್ಲೇ ಇತ್ತು.

ಮಾರ್ಚ್ ೨೪, ಭಾನುವಾರ

ಕನ್ನಡಕಕ್ಕೆ ಜ್ವರ. ನಾನು ಸೇರಿದ ಮೇಲೆ ಕಥೆಯನ್ನು ಮೂರು ಹಾವಿಗೆ ಹೆಣೆದಿದೆಯಂತೆ, ಒಂದು ಕಮ್ಮಿಯಾದರೂ ಸಾಗದಂತೆ. ಸೂಜಿ ಹೋಗಿ ತನ್ನಮ್ಮನನ್ನು ಎಳೆದುಕೊಂಡು ಬಂದಳು. ಅವಳ ಸೆರಗಿನ ತುಂಬ ಚಾಕ್ ಪುಡಿ, ಬೆರಳಿನಲ್ಲಿ ಇನ್ನೂ ಬೆರಳುಗವಚ.

"ನಂಗೆ ಇದೆಲ್ಲ ಬರಲ್ಲ ಕಣೇ. ಇಸ್ತ್ರಿ ಹಾಗೇ ಬಿಟ್ಟು ಬಂದಿದ್ದೀನಿ."

"ಬರೋದೇನಿಲ್ಲಮ್ಮಾ. ಒಂದು ಹಾವು ಆರಿಸ್ಕೋ, ಸಾಕು."

ಸೊಸೆ ಎಲ್ಲ ಜಾತಿಗಳ ಬಲ, ಕೊರತೆ ಎರಡನ್ನೂ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕಟ್ಟುಹಾವು ಎಂದಳು. ಕಪ್ಪು ಮೈ, ಬಿಳಿ ಪಟ್ಟಿ. ಸದ್ದಿಲ್ಲ, ಬುಸುಗುಡುವುದಿಲ್ಲ, ಕಚ್ಚಿದರೂ ನೋವಾಗುವುದಿಲ್ಲವಂತೆ. ವಿಷ ಮಾತ್ರ ಎಲ್ಲರಿಗಿಂತ ಜೋರು. ಅದರ ಕೊರತೆ ಎಂದರೆ ಹಗಲು. ಬೆಳಕಿನಲ್ಲಿ ಕೆಣಕಿದರೂ ತಿರುಗಿ ಬೀಳದೆ ಮೈ ಸುತ್ತಿ ತಲೆಯನ್ನು ಒಳಗೆ ಹುದುಗಿಸಿಕೊಳ್ಳುತ್ತದೆ.

"ಅಯ್ಯೋ, ಎಂಥ ಹಾವು ಅದು, ಹೇಡಿ" ಎಂದೆ.

"ಇರ್ಲಿ, ನಂಗದೇ ಸರಿ" ಎಂದಳು.

ಮೊದಲು ನನ್ನನ್ನು ಕರೆಯಬೇಕಾಗಿ ಬಂದಾಗ ಅವಳಿಗೆ ಬಾಯಿ ಬರಲಿಲ್ಲ. "ಅತ್ತೆ, ನೀವು" ಎಂದು ಶುರು ಮಾಡಿದಳು. ಏಣಿ ಮೇಜು ಕುಟ್ಟಿದ. "ಅತ್ತೆ ಇಲ್ಲ ಆಂಟಿ! ಅಲ್ಲ, ಕಟ್ಟುಹಾವೇ!" ಎಲ್ಲರೂ ನಕ್ಕರು. ಸೊಸೆ ಗೋಡೆಯನ್ನು ನೋಡುತ್ತ, "ಕಾಳಿಂಗ, ನೀನು ಸ್ವಲ್ಪ ಪಕ್ಕಕ್ಕೆ ಸರಿ. ನೀನಿರೋ ಕಡೆ ಇಲಿ ಬರಲ್ಲ" ಎಂದಳು.

ಹತ್ತೊಂಬತ್ತು ವರ್ಷದಲ್ಲಿ ಅವಳ ಬಾಯಲ್ಲಿ ನನಗೆ ಮೊದಲ "ನೀನು". ಆಟ ತಾನೇ ಎಂದು ಸುಮ್ಮನಾದೆ. ಪಕ್ಕಕ್ಕೆ ಸರಿದೆ. ಆಮೇಲೆ ನಿಜವಾಗಿಯೂ ಇಲಿ ಬಂತು, ಕಟ್ಟುಹಾವು ಒಂದೇ ಗುಂಡಿಯಲ್ಲಿ ಮುಗಿಸಿತು. ಅವಳು ನಕ್ಕಳು. ಮುಂದಿನ ಒಂದು ಹಲ್ಲು ಸ್ವಲ್ಪ ಓರೆಯಾಗಿದೆ ಎಂದು ಇವತ್ತು ನೋಡಿದೆ.

ಮಾರ್ಚ್ ೩೧, ಭಾನುವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಇಂದು ಎಲ್ಲರೂ ಇದ್ದರು. ಕಥೆಯಲ್ಲಿ ಯಂತ್ರಗಳು ಗಿರಣಿಯ ಹತ್ತಿರ ಬಂದಿವೆ. ನೆಲೆ ಬದಲಿಸುವ ಮಾತು ಬಂತು. ನಾನು ಕಾಳಿಂಗ, ಯಾರೂ ಕದಲಕೂಡದು, ಇಲ್ಲೇ ನಿಂತು ಎದುರಿಸೋಣ ಎಂದೆ. ಏಣಿ ತಲೆ ಕೆರೆದುಕೊಂಡ. ಕನ್ನಡಕ ಎಲೆಗಳ ನಡುವೆ ಅಡಗಿದಳು. ಆಗ ಕಟ್ಟುಹಾವು ಬಾಯಿ ಬಿಟ್ಟಿತು.

"ನದಿಯಾಚೆ ಒಂದು ಬಿಲ ನೋಡ್ಕೊಂಡು ಬಂದಿದ್ದೀನಿ. ನಾನು ಅಲ್ಲಿಗೆ ಹೋಗ್ತೀನಿ."

"ಯಾವಾಗ ನೋಡ್ದೆ? ಯಾರನ್ನ ಕೇಳಿ ಹೋದೆ?" ಎಂದೆ.

"ಕೇಳಿದ್ರೆ ನೀನು ಬಿಡ್ತಿದ್ಯಾ? ನೀನಿರೋ ಕಡೆ ಬೇರೆ ಹಾವು ತಲೆ ಎತ್ತಕ್ಕಾಗಲ್ಲ. ನಾನು ಮರಿ ಕರ್ಕೊಂಡು ಬಂದ ದಿನದಿಂದ ಮೈಯೊಳಗೆ ತಲೆ ಇಟ್ಕೊಂಡಿದ್ದೀನಿ. ಅಲ್ಲಿ ಕಟಿಂಗ್ ಪೂರ್ತಿ ನನ್ನ ಕೈಗೆ ಕೊಡ್ತಾರಂತೆ. ಈ ತಿಂಗಳು ಅಂತ ಹೇಳಿದ್ರು, ಅತ್ತೆ ಕಾಲು ಸರಿ ಹೋಗ್ಲಿ ಅಂತ ಮುಂದಿನ ತಿಂಗಳ ಕೊನೆಗೆ ಹಾಕಿಸ್ಕೊಂಡೆ."

"ಹಾವಿಗೆ ಎಂಥ ತಿಂಗಳ ಕೊನೆ ಆಂಟಿ?" ಎಂದು ಏಣಿ ನಕ್ಕ. ಬೇರೆ ಯಾರೂ ನಗಲಿಲ್ಲ. ಸೊಸೆಯ ಮುಖ ಸುಣ್ಣದಂತೆ ಬಿಳುಚಿತ್ತು. ಅವಳು ಅಷ್ಟೊಂದು ಹೇಳಬೇಕೆಂದಿರಲಿಲ್ಲ. ಬಾಯಿ ಬಿಟ್ಟ ಮೇಲೆ ಹಿಡಿಯಲು ಬರಲಿಲ್ಲ.

ಸೂಜಿ ಒಂದು ಕ್ಷಣ ಅಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು. "ಕಾಳಿಂಗ, ನಿನ್ನ ಸರದಿ" ಎಂದಳು.

ದಾಳ ಹಾಕಲಿಲ್ಲ ನಾನು. ಕಾಲು ನೋಯುತ್ತಿದೆ ಎಂದೆ.

ನೆರೆಯ ಪಟ್ಟಣದಲ್ಲಿ ಆಸ್ಪತ್ರೆ ಬಟ್ಟೆಗಳ ಫ್ಯಾಕ್ಟರಿ ಇದೆ. ಅದೇ ಇರಬೇಕು. ಮಗಳನ್ನೂ ಕರೆದುಕೊಂಡೇ ಹೋಗುತ್ತಾಳೆ. ನಾನು ಮಂಚದ ಮೇಲೆ ಕಾಲು ಚಾಚಿಕೊಂಡು ಬಿದ್ದಿರುವಾಗ ಇವಳು ಬಿಲ ಹುಡುಕಿಕೊಂಡಿದ್ದಾಳೆ.

ಏಪ್ರಿಲ್ ೧, ಸೋಮವಾರ

ಸೋಮವಾರ ಬೆಳಿಗ್ಗೆ ಕೆಲಸದವರೆಲ್ಲ ನನ್ನ ಮಂಚದ ಸುತ್ತ ಸೇರುತ್ತಾರೆ. ವಾರದ ಕೆಲಸ ಹಂಚುವುದು ಈಗಲೂ ನಾನೇ. ಸೊಸೆ ಚಾಕ್ ಹಿಡಿದು ಮೇಜಿನ ಬಳಿ ನಿಂತಿದ್ದಳು. ಆಸ್ಪತ್ರೆಯವರು ಹೆಚ್ಚಿಗೆ ಗೌನು ಕೇಳಿದ್ದಾರೆ, ಮುಂದಿನ ತಿಂಗಳು ಕಟಿಂಗಿಗೆ ಇನ್ನೊಬ್ಬರು ಬೇಕಾಗಬಹುದು ಎಂದಳು ಕಾಜಾದವಳು.

"ಇನ್ನೊಬ್ರೇನು, ಇರೋರೂ ಇರಲ್ಲ" ಎಂದೆ. "ಇವಳನ್ನೇ ಕೇಳಿ. ನದಿಯಾಚೆ ಬಿಲ ನೋಡ್ಕೊಂಡಿದ್ದಾಳೆ. ನಾನಿರೋ ಕಡೆ ತಲೆ ಎತ್ತಕ್ಕಾಗಲ್ವಂತೆ. ಗಂಡ ಹೋದ್ಮೇಲೆ ನೆರಳು ಕೊಟ್ಟೋಳು ನಾನು, ನನ್ನ ಮನೇಲಿ ಇವ್ಳಿಗೆ ಉಸಿರು ಕಟ್ಟತ್ತಂತೆ."

"ಬಿಲಾನಾ? ಎಂಥ ಬಿಲ ಅಮ್ಮಾ?" ಎಂದು ಕಾಜಾದವಳು ಬಾಯಿ ತೆರೆದಳು. ಉಳಿದವರು ನೆಲ ನೋಡಿದರು.

ಸೊಸೆ ಚಾಕನ್ನು ಮೇಜಿನ ಮೇಲಿಟ್ಟು, ಸೆರಗು ಕೊಡವಿ ಶೆಡ್ಡಿಗೆ ಹೋದಳು. ಬಾಗಿಲಲ್ಲಿ ಸೂಜಿ ಕಾಲೇಜಿನ ಚೀಲ ಹೆಗಲಿಗೇರಿಸಿ ನಿಂತಿದ್ದಳು. ಎಲ್ಲ ಕೇಳಿದ್ದಳು. ಒಳಗೆ ಬಂದು ಮೇಜಿನ ತುದಿಯಲ್ಲಿದ್ದ ದಾಳದ ಡಬ್ಬಿಯನ್ನೂ ಗುಂಡಿಗಳನ್ನೂ ಚೀಲಕ್ಕೆ ಸುರಿದುಕೊಂಡಳು. ನನ್ನ ಕಡೆ ತಿರುಗಲಿಲ್ಲ.

ಹೇಳಿದ್ದು ಸುಳ್ಳೇನಲ್ಲ.

ಏಪ್ರಿಲ್ ೩, ಬುಧವಾರ

ಸೊಸೆ ಫ್ಯಾಕ್ಟರಿಗೆ ಫೋನ್ ಮಾಡಿ, ಕೆಲಸಕ್ಕೆ ಬರುವುದು ಖಚಿತ ಎಂದಿದ್ದಾಳೆ. ನನಗೆ ಹೇಳಿದ್ದು ಕಾಜಾದವಳು. ಮಾತ್ರೆ, ಊಟ, ನೀರು ಹೊತ್ತಿಗೆ ಸರಿಯಾಗಿ ಬರುತ್ತಿವೆ. ಮಾತಿಲ್ಲ.

ಏಪ್ರಿಲ್ ೭, ಭಾನುವಾರ

ಮೇಜು ಖಾಲಿ.

ಏಪ್ರಿಲ್ ೯, ಮಂಗಳವಾರ

ಸೂಜಿ ಹೋದ ವಾರದಿಂದ ಹಿಂಬಾಗಿಲಿನಿಂದಲೇ ಓಡಾಡುತ್ತಿದ್ದಾಳೆ. ಮುಂಬಾಗಿಲು ಹತ್ತಿರ, ಆದರೂ ಸುತ್ತಿ ಬಳಸಿ ಹೋಗುತ್ತಾಳೆ.

ಇವಳಪ್ಪ ಚಿಕ್ಕವನಿದ್ದಾಗ ಹಟ ಮಾಡಿದರೆ ಎರಡು ದಿನ ಮಾತು ಬಿಡುತ್ತಿದ್ದೆ, ತಾನಾಗೇ ದಾರಿಗೆ ಬರುತ್ತಿದ್ದ. ಇವರು ಬರುವ ಹಾಗೆ ಕಾಣುವುದಿಲ್ಲ. ಊಟ ಸೇರುತ್ತಿಲ್ಲ. ಪ್ಲಾಸ್ಟರಿನ ಕಾಟ.

ಏಪ್ರಿಲ್ ೧೬, ಮಂಗಳವಾರ

ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕಾಲು ನನ್ನದೇ ಎಂದು ನಂಬಲಾಗಲಿಲ್ಲ. ಒಣಗಿದ ಕಡ್ಡಿಯಂತಿದೆ, ಮೇಲೆಲ್ಲ ಸಿಪ್ಪೆ ಏಳುತ್ತಿದೆ. ಆಟೋದಿಂದ ಇಳಿಸಿ ವಾಕರ್ ಹಿಡಿಸಿದವಳು ಸೂಜಿ. ಅಂಗಳದಲ್ಲಿ ಯಾರೂ ಇರಲಿಲ್ಲ. ಕೇಳಿದೆ.

"ನಿಮ್ಮ ಆಟ ಏನಾಯ್ತು?"

"ನಿಲ್ತು."

"ನಾನು ಇಲ್ದೇನೇ ಆಡಬಹುದಿತ್ತಲ್ಲ."

"ಆಡಬಹುದಿತ್ತು." ವಾಕರಿನ ಹಿಡಿ ಸರಿಮಾಡುತ್ತ ತಲೆ ಎತ್ತದೆ ಹೇಳಿದಳು: "ಅಮ್ಮ ನಮ್ಮನೇಲಿ ಮನಸ್ಸಲ್ಲಿರೋದನ್ನ ಬಾಯಿಬಿಟ್ಟು ಆಡಿದ್ದು ಆ ಮೇಜಲ್ಲಿ ಮಾತ್ರ ಅಜ್ಜಿ. ಅದೂ ಹಾವಿನ ಹೆಸರಲ್ಲಿ. ನೀನು ಅದನ್ನ ತಗೊಂಡು ಹೋಗಿ ಕೆಲಸದವ್ರ ಮುಂದೆ ಹರಾಜು ಹಾಕ್ದೆ."

ನಾನು ನಾಲ್ಕು ಹೆಜ್ಜೆ ನಡೆದೆ. ನಿಂತೆ.

"ಹೋಗೋಕೆ ಮುಂಚೆ ಆ ಕಥೆ ಮುಗಿಸ್ಬಿಡಿ. ಅರ್ಧಕ್ಕೆ ಬಿಟ್ಟ ಕೆಲಸ ನಂಗೆ ಹಿಡಿಸಲ್ಲ" ಎಂದೆ.

"ಕಟ್ಟುಪಾಡು ಮುರಿದೋರಿಗೆ ಶಿಕ್ಷೆ ಇದೆ. ಏಣಿ, ಕನ್ನಡಕ ಸೇರಿ ತೀರ್ಮಾನ ಮಾಡಿದ್ದಾರೆ. ಎಲ್ಲ ಗುಂಡಿ ವಾಪಸ್. ವಿಷ ಇಲ್ದೆ ಆಡ್ಬೇಕು."

"ಕಾಳಿಂಗ ವಿಷ ಇಲ್ದೇನಾ? ಅದಕ್ಕಿಂತ ಹಗ್ಗ ತಂದಿಡಿ ಮೇಜಿನ ಮೇಲೆ."

"ಹಾಗಾದ್ರೆ ಬೇಡ."

ಮೆಟ್ಟಿಲ ಬಳಿ ಬಂದಾಗ, ಆಗಲಿ ಎಂದೆ. ಅವಳಮ್ಮ ಬರುತ್ತಾಳೋ ಇಲ್ಲವೋ ಎಂದು ಕೇಳಲಿಲ್ಲ.

ಏಪ್ರಿಲ್ ೨೧, ಭಾನುವಾರ

ಬಂದಳು. ಮೇಜಿನ ಆ ತುದಿಯಲ್ಲಿ ಕುಳಿತಳು. ನನ್ನ ಮುಂದೆ ಒಂದು ಗುಂಡಿಯೂ ಇರಲಿಲ್ಲ. ಉಳಿದವರ ಮುಂದೆ ಸಾಲಾಗಿ ಇದ್ದವು.

ಯಂತ್ರಗಳು ಗಿರಣಿಯ ಅಂಗಳಕ್ಕೇ ಬಂದಿದ್ದವು. ಹಗಲು ಬೇರೆ. ಏನಾದರೂ ಮಾಡಬೇಕಿತ್ತು. ಜನರಿಗೆ ನನ್ನಲ್ಲಿ ವಿಷವಿಲ್ಲ ಎಂದು ಹೇಗೆ ಗೊತ್ತಾಗಬೇಕು? ನಾನು ಹೆಡೆಯೆತ್ತಿ ಅಡ್ಡ ನಿಲ್ಲುತ್ತೇನೆ, ಅಷ್ಟರಲ್ಲಿ ಮಿಕ್ಕವರು ಜಾರಿಕೊಳ್ಳಿ ಎಂದೆ. ದಾಳ ಹಾಕಿದೆ. ಮೂರು ಬಿತ್ತು.

"ಅದು ಸರಿಯಾಗಿ ಉರುಳಲಿಲ್ಲ. ಮತ್ತೆ ಹಾಕ್ತೀನಿ."

"ಇಲ್ಲ" ಎಂದಳು ಸೂಜಿ. "ಕಾಳಿಂಗಕ್ಕೆ ಸಲಿಕೆ ಏಟು ಬಿತ್ತು. ಸತ್ತುಹೋಯ್ತು."

"ಒಂದೇ ಏಟಿಗಾ?"

"ಸತ್ತೋರು ಮಾತಾಡೋ ಹಾಗಿಲ್ಲ ಅಜ್ಜಿ" ಎಂದ ಏಣಿ, ತುಂಬ ಮರ್ಯಾದೆಯಿಂದ. ಅದೂ ಕಟ್ಟುಪಾಡಂತೆ. ಸತ್ತ ಹಾವು ಆಟ ಮುಗಿಯುವವರೆಗೂ ಮೇಜಿನಲ್ಲೇ ಕುಳಿತಿರಬೇಕು, ಸಲಹೆ ಕೊಡಬಾರದು, ನಿಟ್ಟುಸಿರೂ ಬಿಡಬಾರದು.

ಸಾಯುವುದು ಬಹಳ ಬೇಸರದ ಕೆಲಸ. ನಾಲಿಗೆಯ ತುದಿಗೆ ಬಂದ ಮಾತನ್ನೆಲ್ಲ ನುಂಗಿಕೊಂಡು ಕುಳಿತೆ. ಏಣಿ ಎದುರಿಗೆ ನುಗ್ಗುತ್ತೇನೆ ಎಂದ, ತಪ್ಪು. ಕನ್ನಡಕ ಮರ ಬಿಟ್ಟು ಇಳಿಯುವುದಿಲ್ಲ ಎಂದಳು, ಅದೂ ತಪ್ಪು. ಕಟ್ಟುಹಾವು ಇಬ್ಬರನ್ನೂ ತಡೆಯಿತು. ದನಿ ಏರಿಸಲಿಲ್ಲ. ಕೊಳಕುಮಂಡಲವನ್ನು ಒಂದು ಮೂಲೆಗೆ ಕಳಿಸಿ ಬುಸುಗುಡಿಸಿತು, ಜನ ಸಲಿಕೆ ಹಿಡಿದು ಅತ್ತ ಓಡಿದರು. ಹಸಿರಿನವಳಿಗೆ ಬೇಲಿಯ ಬಳ್ಳಿಯ ದಾರಿ ತೋರಿಸಿತು. ತಾನು ಗಿರಣಿಯ ಹಳೆಯ ಕೊಳವೆಯೊಳಗೆ ಇಳಿಯಿತು. ಹಗಲಿನಲ್ಲೂ ಅಲ್ಲಿ ಕತ್ತಲೆ. ಒಂದೂ ಗುಂಡಿ ಖರ್ಚಾಗದೆ ಮೂವರೂ ನದಿ ದಾಟಿದರು.

ಎಂಥ ಲೆಕ್ಕಾಚಾರ! ಇದ್ದಷ್ಟರಲ್ಲೇ, ಚೂರೂ ಹಾಳು ಮಾಡದೆ. ನನಗೆ ಹೊಳೆದಿರಲಿಲ್ಲ ಅದು. ಹೇಳೋಣವೆಂದರೆ ಸತ್ತಿದ್ದೆ.

ಏಪ್ರಿಲ್ ೨೪, ಬುಧವಾರ

ಇಂದು ಹತ್ತು ಗಂಟೆಗೆ ಫ್ಯಾಕ್ಟರಿಯ ಮ್ಯಾನೇಜರು ಫೋನ್ ಮಾಡಿದ. ಸೊಸೆಗಲ್ಲ, ನನಗೆ. ಅವಳು ಬಟ್ಟೆ ತರಲು ಹೋಗಿದ್ದಳು. ಹೊಸಬರನ್ನು ತೆಗೆದುಕೊಳ್ಳುವ ಮೊದಲು ಹಳೆಯ ಯಜಮಾನರನ್ನು ವಿಚಾರಿಸುವುದು ಅವರ ಪದ್ಧತಿಯಂತೆ. ಆ ಯಜಮಾನಿ ಅವಳ ಅತ್ತೆಯೇ ಎಂದು ಅವನಿಗೆ ಗೊತ್ತಿರಲಿಲ್ಲ.

"ಆಕೆ ಹೇಗಮ್ಮಾ? ನಂಬಬಹುದಾ? ದೊಡ್ಡ ಸೆಕ್ಷನ್ನು, ಅದಕ್ಕೇ ಕೇಳ್ತಿದ್ದೀನಿ. ನೀವು ಬೇಡ ಅಂದ್ರೆ ಇನ್ನೊಬ್ರು ರೆಡಿ ಇದ್ದಾರೆ."

ಎಷ್ಟು ಸಲೀಸಾಗಿ ಕೇಳಿದ. ನಾನು "ಹೂಂ... ಏನು ಹೇಳ್ಲಿ" ಎಂದು ರಾಗ ಎಳೆದಿದ್ದರೆ ಸಾಕಿತ್ತು. ಸೊಸೆಗೆ ಯಾವತ್ತಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲೇ ಇರುತ್ತಿದ್ದಳು. ಸೂಜಿಯೂ. ಲೈನಿನಲ್ಲಿದ್ದೀರಾ ಎಂದು ಅವನು ಎರಡು ಸಲ ಕೇಳಿದ.

"ಇದ್ದೀನಿ. ಯೋಚನೆ ಮಾಡ್ತಿದ್ದೀನಿ" ಎಂದೆ. "ನೋಡಪ್ಪಾ, ಅವಳು ಮಾತು ಕಮ್ಮಿ. ಏನಾದ್ರೂ ಸರಿಯಿಲ್ಲ ಅಂದ್ರೆ ತಾನಾಗಿ ಬಂದು ಹೇಳಲ್ಲ, ನೀವೇ ಕೇಳ್ಬೇಕು. ಚಹಾ ಆರಿಸಿ ಕುಡೀತಾಳೆ, ಅದಕ್ಕೆ ಹೊತ್ತು ಹಿಡಿಯತ್ತೆ. ಇಷ್ಟು ಬಿಟ್ರೆ ಅವಳ ಕಟಿಂಗಲ್ಲಿ ನಾನು ತಪ್ಪು ಹುಡುಕಿದ್ದೀನಿ, ಸಿಕ್ಕಿಲ್ಲ. ಹುಡುಕೋದ್ರಲ್ಲಿ ನಾನೇನು ಕಮ್ಮಿಯಿಲ್ಲ."

ಅವನು ನಕ್ಕ. ನನಗೆ ರೇಗಿತು.

"ನಗಬೇಡ. ಕಟಿಂಗ್ ಮೇಜು ಎಲ್ಲಿದೆ ನಿಮ್ಮಲ್ಲಿ? ಟ್ಯೂಬ್‌ಲೈಟ್ ಕೆಳಗಾ? ಬಿಳಿ ಬಟ್ಟೆ ಅದು, ಕಿಟಕಿ ಬೆಳಕು ಬೇಕು. ಇರೋದಕ್ಕೆ ಮನೆ ಕೊಡ್ತೀರಾ? ಹುಡುಗಿ ಓದೋಳಿದ್ದಾಳೆ, ಎರಡು ಕೋಣೆ ಇರಬೇಕು. ಕೊಡಲ್ಲ ಅಂದ್ರೆ ನಾನು ಕಳಿಸಲ್ಲ."

ನೋಡುತ್ತೇನೆ ಎಂದ. ನೋಡುವುದಲ್ಲ, ಬರೆದುಕೋ ಎಂದೆ. ಬರೆದುಕೊಂಡ ಎಂದು ಕಾಣುತ್ತದೆ.

ಫೋನ್ ಇಟ್ಟ ಮೇಲೆ ಕಾಲಿಗೆ ಎಣ್ಣೆ ಹಚ್ಚುವುದು ಮರೆತುಹೋಯಿತು.

ಏಪ್ರಿಲ್ ೨೫, ಗುರುವಾರ

ಮಧ್ಯಾಹ್ನ ಸೊಸೆ ಬಿರುಗಾಳಿಯಂತೆ ಬಂದಳು. ಮುಖ ಕೆಂಪಾಗಿತ್ತು.

"ಮ್ಯಾನೇಜರ್ ಹತ್ರ ಏನು ಹೇಳಿದ್ರಿ ನೀವು?"

"ಇದ್ದದ್ದು ಹೇಳ್ದೆ."

"ಕಿಟಕಿ ಬೇಕು, ಮನೆ ಬೇಕು, ಎರಡು ಕೋಣೆ ಬೇಕು! ನನ್ನ ಕೆಲಸದ ಮಾತು ಆಡೋಕೆ ನಿಮ್ಮನ್ನ ಯಾರು ಕರೆದ್ರು? ನಾನೇನು ಮಗುನಾ?"

"ಕೇಳದಿದ್ರೆ ಯಾರು ಕೊಡ್ತಾರೆ? ನೀನು ಬಾಯಿಬಿಟ್ಟು ಕೇಳ್ತಿದ್ಯಾ?"

"ಕೇಳ್ತಿದ್ದೆ! ಮೊದಲ ದಿನ ಕೇಳಬಾರ್ದು, ಕೆಲಸ ತೋರಿಸಿ ಕೇಳೋಣ ಅಂತಿದ್ದೆ! ಈಗ ಅಲ್ಲಿಗೆ ಕಾಲಿಡೋಕೆ ಮುಂಚೆನೇ, ಇವಳ ಯಜಮಾನಿ ಇಂಥೋಳು ಅಂತ ಊರಿಗೆಲ್ಲ ಗೊತ್ತಾಗಿದೆ. ಅವ್ನು ನಗ್ತಾನೆ ಫೋನಲ್ಲಿ!"

"ನಕ್ಕರೆ ನಗಲಿ. ಕೊಟ್ನೋ ಇಲ್ವೋ?"

"ಕೊಟ್ಟಿದ್ದಾನೆ!" ಎಂದು ಕಿರುಚಿದಳು. "ಎರಡೂ ಕೊಟ್ಟಿದ್ದಾನೆ!"

"ಮತ್ಯಾಕೆ ಕಿರುಚ್ತೀಯಾ?"

"ನೀವ್ಯಾಕೆ ಕಿರುಚ್ತಿದ್ದೀರಿ?"

ಸೂಜಿ ಒಳಬಾಗಿಲಿಗೆ ಬಂದವಳು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ನಾನು ಹೋಗಲ್ಲ. ಅಜ್ಜಿ ಜೊತೆ ಇರ್ತೀನಿ. ಅಜ್ಜಿನ ನೋಡ್ಕೊಳ್ಳೋರು ಯಾರು?" ಎಂದಳು.

"ನನ್ನನ್ನ ನೋಡ್ಕೊಳ್ಳೋದಕ್ಕೆ ನಾನಿದ್ದೀನಿ. ಕಾಜಾದವಳಿದ್ದಾಳೆ. ನೀನು ಅಮ್ಮನ ಜೊತೆ ಹೋಗು" ಎಂದೆ. ಅವಳು ಮತ್ತೇನೋ ಹೇಳಲು ಬಾಯಿ ತೆರೆದಳು. ನೀನು ಇಲ್ಲೇ ಇದ್ದರೆ ಆ ಎರಡನೇ ಕೋಣೆಯನ್ನು ನಾನು ಕೇಳಿದ್ದು ಯಾರಿಗೆ ಎಂದು ಗದರಿದೆ.

ಸೊಸೆ ಕುರ್ಚಿ ಎಳೆದುಕೊಂಡು ಕುಳಿತಳು. ಇಷ್ಟು ವರ್ಷದಲ್ಲಿ ಅವಳು ನನ್ನೆದುರು ಕುಳಿತದ್ದು ಆಟದಲ್ಲಿ ಮಾತ್ರ. ಶನಿವಾರ ಹೊರಡುತ್ತಾಳಂತೆ. ಸೂಜಿ ಪರೀಕ್ಷೆ ಮುಗಿಸಿ ಹೋಗುತ್ತಾಳೆ.

"ಆ ಮನೇನ ಮೊದಲು ನಾನೊಂದ್ಸಲ ನೋಡ್ಬೇಕು" ಎಂದೆ. "ನೀರು ಹೇಗಿದೆಯೋ, ಬಾಗಿಲು ಗಟ್ಟಿ ಇದೆಯೋ. ಶನಿವಾರ ನಾನೂ ಬರ್ತೀನಿ."

"ಬೇಡ ಅತ್ತೆ" ಎಂದಳು. ಈ ಸಲ ಗೋಡೆ ನೋಡಲಿಲ್ಲ, ನನ್ನನ್ನೇ ನೋಡಿ ಹೇಳಿದಳು. "ನಾನೇ ನೋಡ್ಕೋತೀನಿ. ಒಂದು ಹದಕ್ಕೆ ಬಂದ್ಮೇಲೆ ಕರೀತೀನಿ, ಆಗ ಬನ್ನಿ."

ಸರಿ ಎಂದೆ.

ಬೇಸಿಗೆ ಮುಗಿಯುವುದರೊಳಗೆ ಕರೆಯಬಹುದು. ಕರೆದಾಗ ಹೋಗುತ್ತೇನೆ.